ಬೆಲೆ ಬರೆಯಿರಿ, ಕಲೆ ತೋರಿಸಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಕಾರ್ಡ್ ಸಂಗ್ರಹದ ಬೈಂಡರ್ ಹೊತ್ತುಕೊಂಡು ಬಂದಿದ್ದೀರಿ, ಸಂತೋಷ. ಅವನ್ನು ಕಿಟಕಿ ಪಕ್ಕ ಮಾತ್ರ ಇಡಬೇಡಿ. ತೇವಕ್ಕೆ ಕಾಗದದ ಪದರ ಹಿಗ್ಗುತ್ತೆ, ಫಾಯಿಲ್ ಪದರ ಹಿಗ್ಗೋದಿಲ್ಲ. ಹೋಲೋ, ಅಂದ್ರೆ ಮಿನುಗುವ ಫಾಯಿಲ್ ಇರೋ ಕಾರ್ಡ್, ಹಪ್ಪಳದ ಹಾಗೆ ಸುರುಟಿಕೊಳ್ಳುತ್ತೆ.

ಪೋಕೆಮಾನ್ ಕಾರ್ಡ್ ಅಂದ್ರೇನು, ಕ್ರಿಕೆಟ್ ಅಟ್ಯಾಕ್ಸ್ ಕಾರ್ಡ್ ಅಂದ್ರೇನು ಅಂತ ಅವನ್ನ ಕೂಡಿಟ್ಟು, ಕೊಂಡು, ಮಾರುವ ಈ ಸಭೆಗೆ ಹೇಳಬೇಕಾಗಿಲ್ಲ. ನೇರ ವಿಷಯಕ್ಕೆ ಬರೋಣ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ದಿನಾ ಬೀಳುವ ಪೋಸ್ಟ್ ಯಾವುದು? ಮಬ್ಬು ಬೆಳಕಲ್ಲಿ ಒಂದು ಫೋಟೊ, ಕೆಳಗೆ 'ಸೇಲಿಗಿದೆ, ಡಿಎಂ ಮಾಡಿ'. ರೇಟಿಲ್ಲ, ಹಿಂಬದಿಯ ಫೋಟೊ ಇಲ್ಲ. ಹತ್ತು ಜನ ಕೇಳ್ತಾರೆ, ಮಾರುವವರು ಮುಖ ನೋಡಿ ಹತ್ತು ರೇಟು ಹೇಳ್ತಾರೆ. ಅಂಗಡಿಯಲ್ಲಾದ್ರೆ ಕಾರ್ಡನ್ನ ತಿರುಗಿಸಿ, ಬೆಳಕಿಗೆ ಹಿಡಿದು ನೋಡಬಹುದು. ಆನ್‌ಲೈನಲ್ಲಿ ಕೊಳ್ಳುವವನ ಕಣ್ಣು ಮಾರುವವನ ಕೈಯಲ್ಲಿರುತ್ತೆ. ಅದಕ್ಕೇ ನನ್ನದು ಒಂದೇ ಹಟ: ಕೇಳೋ ಮುಂಚೆ ಬೆಲೆ ಬರೆಯಿರಿ, ಕೇಳೋ ಮುಂಚೆ ಕಲೆ, ಅಂದ್ರೆ ಕಾರ್ಡಿನ ಕುಂದು, ತೋರಿಸಿ.

ತೋರಿಸೋದು ಹೇಗೆ? ಕಾರ್ಡನ್ನ ಪ್ಲಾಸ್ಟಿಕ್ ಕವಚದಿಂದ, ಅಂದ್ರೆ ಸ್ಲೀವ್‌ನಿಂದ, ಹೊರಗೆ ತೆಗೆದು, ಕಪ್ಪು ಬಟ್ಟೆ ಮೇಲೆ ಮುಂಭಾಗ, ಹಿಂಭಾಗ. ಪೋಕೆಮಾನ್ ಕಾರ್ಡಿನ ಹಿಂಬದಿ ನೀಲಿ, ಅಂಚು ಬಿಳಿಚಿದ್ದರೆ ಅಲ್ಲೇ ಎದ್ದು ಕಾಣುತ್ತೆ. ಅದಕ್ಕೇ ಆ ಫೋಟೊ 'ಮರೆತುಹೋಗೋದು'. ನಾಲ್ಕು ಮೂಲೆಗಳನ್ನ ಹತ್ತಿರದಿಂದ ತೆಗೀರಿ. ಹೋಲೋ ಆದ್ರೆ ಒಂದೇ ದೀಪದ ಕೆಳಗೆ ಓರೆಯಾಗಿ ಹಿಡಿದು ಇನ್ನೊಂದು. ನೇರ ಫೋಟೊದಲ್ಲಿ ಗೀರು ಕಾಣೋದಿಲ್ಲ. ಪಕ್ಕದಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಖು ಕೈಯಲ್ಲಿ ಬರೆದ ಚೀಟಿ ಇರಲಿ. ಬೇರೆಯವರ ಫೋಟೊ ಕದ್ದು ಮಾರುವವನು ಸಾಮಾನ್ಯವಾಗಿ ಈ ಚೀಟಿಯಲ್ಲೇ ಸಿಕ್ಕಿಬೀಳ್ತಾನೆ.

ಕಂಡೀಷನ್ ಬಗ್ಗೆ ಅನುಮಾನ ಬಂದರೆ ಒಂದು ಮೆಟ್ಟಿಲು ಕೆಳಗೇ ಹೇಳಿ. ನಿಯರ್ ಮಿಂಟ್ (ಹೊಸದರಂತಿದೆ) ಅನ್ನಬೇಕೋ ಲೈಟ್ಲಿ ಪ್ಲೇಯ್ಡ್ (ಸ್ವಲ್ಪ ಸವೆದಿದೆ) ಅನ್ನಬೇಕೋ ಅಂತ ಯೋಚನೆ ಬಂತು ಅಂದ್ರೇನೇ ಅದು ಲೈಟ್ಲಿ ಪ್ಲೇಯ್ಡ್. ಗ್ರೇಡಿಂಗ್ ಅಂದ್ರೆ ಒಂದು ಕಂಪನಿ ಕಾರ್ಡನ್ನ ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಡಬ್ಬಿಯಲ್ಲಿ ಮುಚ್ಚಿ ಕೊಡೋದು. 'ಗ್ರೇಡಿಂಗಿಗೆ ಕಳಿಸಿದ್ರೆ ಹತ್ತು ಬರುತ್ತೆ' ಅಂತ ಬರೆದು ಹತ್ತರ ಬೆಲೆ ಕೇಳುವವರಿಗೆ ಒಂದು ಮಾತು: ಬರೋದಾದ್ರೆ ನೀವೇ ಕಳಿಸಿ ಸ್ವಾಮಿ! (ನಗಬೇಡಿ, ಹಿಂದಿನ ಸಾಲಿನಲ್ಲೂ ಇದ್ದಾರೆ.) ಬೆಲೆ ಕಟ್ಟೋದು ಮಾರಾಟವಾದ ದರ ನೋಡಿ, ಕೇಳ್ತಿರೋ ದರ ನೋಡಿ ಅಲ್ಲ.

ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿನ ಕಥೆ ಗೊತ್ತಿದ್ದವರು ಇನ್ನೊಮ್ಮೆ ಸಹಿಸಿಕೊಳ್ಳಿ. 1909ರಿಂದ 1911ರವರೆಗೆ ಅಮೆರಿಕದಲ್ಲಿ ಸಿಗರೇಟ್ ಪ್ಯಾಕಿನ ಜೊತೆ ಬಂದ ಬೇಸ್‌ಬಾಲ್ ಕಾರ್ಡುಗಳಲ್ಲಿ ವ್ಯಾಗ್ನರ್‌ದು ಬೇಗ ನಿಂತುಹೋಯ್ತು, ಉಳಿದಿರೋದು ಬಹಳ ಕಡಿಮೆ. ಅದರ ಒಂದು ಪ್ರತಿಯನ್ನ 1991ರ ಹರಾಜಿನಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ, ಒಬ್ಬ ಪಾಲುದಾರನ ಜೊತೆ, 4,51,000 ಡಾಲರಿಗೆ ಕೊಂಡರು. ಆಗಷ್ಟೇ ಶುರುವಾಗಿದ್ದ ಗ್ರೇಡಿಂಗ್ ಕಂಪನಿ ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿದ ಕಾರ್ಡೇ ಅದು. ಕೊಟ್ಟ ಅಂಕ 8. ಕೈಯಿಂದ ಕೈಗೆ ಹೋಗಿ 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯ್ತು. ಅಷ್ಟು ಹಳೇ ಕಾರ್ಡಿನ ಅಂಚು ಇಷ್ಟು ಚೊಕ್ಕ ಹೇಗೆ ಅಂತ ಗುಸುಗುಸು ಇದ್ದೇ ಇತ್ತು. 2013ರಲ್ಲಿ, ಅದನ್ನ 1980ರ ದಶಕದಲ್ಲಿ ಕೊಂಡು ಮಾರಿದ್ದ ವ್ಯಾಪಾರಿ ಬಿಲ್ ಮ್ಯಾಸ್ಟ್ರೋ ಅಂಚು ಕತ್ತರಿಸಿದ್ದು ತಾನೇ ಅಂತ ಕೋರ್ಟಿನಲ್ಲಿ ಒಪ್ಪಿಕೊಂಡರು. ಡಬ್ಬಿಯೊಳಗಿನ ಅಂಕ ನೋಡಿದವರೆಲ್ಲ ಕಾರ್ಡ್ ನೋಡಿರಲಿಲ್ಲ. ಹಾಗಾಗಿ ಸ್ಲ್ಯಾಬ್, ಅಂದ್ರೆ ಗ್ರೇಡ್ ಆಗಿ ಡಬ್ಬಿಯಲ್ಲಿರೋ ಕಾರ್ಡ್, ಕೊಳ್ಳುವಾಗ ಸರ್ಟಿಫಿಕೇಟ್ ನಂಬರನ್ನ ಕಂಪನಿಯ ವೆಬ್‌ಸೈಟಿನಲ್ಲಿ ಹೊಡೆದು ನೋಡಿದರೆ ಸಾಲದು, ನಕಲಿ ಡಬ್ಬಿಗೆ ಅಸಲಿ ನಂಬರ್ ಅಂಟಿಸ್ತಾರೆ. ಅಲ್ಲಿ ಫೋಟೊ ಇದ್ದರೆ ಗೀರಿಗೆ ಗೀರು ಹೋಲಿಸಿ. ಡಬ್ಬಿಯಿಲ್ಲದ ಸಾದಾ ಕಾರ್ಡ್ ಆದ್ರೆ ಅದೇ ಸೆಟ್ಟಿನ ಅಗ್ಗದ ಕಾರ್ಡಿನ ಮೇಲೆ ಇಟ್ಟು ನೋಡಿ. 63 ಗುಣಿಸು 88 ಮಿಲಿಮೀಟರ್ ಇರಬೇಕಾದ ಪೋಕೆಮಾನ್ ಕಾರ್ಡ್ ಒಂದು ಕಡೆ ಕುಗ್ಗಿದ್ದರೆ ಕತ್ತರಿ ಆಡಿದೆ ಅಂತ ಅನುಮಾನಿಸಿ.

ಈಗ ಕೊಳ್ಳುವವರ ಸರದಿ. ಚಿಕ್ಕಪೇಟೆಯಲ್ಲಿ ಅರ್ಧ ರೇಟಿಗೆ ಕೇಳೋದು ರೂಢಿ ಇರಬಹುದು. ಇಲ್ಲಿ ಬೆಲೆ ಬರೆದವನ ಹತ್ತಿರ 'ಲಾಸ್ಟ್ ಎಷ್ಟು?' ಅನ್ನಬೇಡಿ, ನಿಮ್ಮ ಅಂಕಿ ಹೇಳಿ, ಒಂದೇ ಸಲ. ಗುಂಪಿನಲ್ಲಿ ಮೊದಲು 'ತಗೋತೀನಿ' ಅಂದವರಿಗೇ ಕಾರ್ಡ್. ಹಿಂಬಾಗಿಲಿಂದ ಇನ್ನೂರು ಜಾಸ್ತಿ ಕೊಡ್ತೀನಿ ಅಂದವರಿಗೆ ಕೊಟ್ಟರೆ, ಮುಂದಿನ ಸಲ ನಿಮ್ಮ ಪೋಸ್ಟಿಗೆ ಯಾರೂ ಬರೋದಿಲ್ಲ. ದುಡ್ಡಿಗೆ 24 ಗಂಟೆ ಗಡುವು, ತಪ್ಪಿದರೆ ಸಾಲಿನಲ್ಲಿ ಮುಂದಿನವರಿಗೆ. ಮಾರಿದ ಮೇಲೆ ರೇಟು ಅಳಿಸಬೇಡಿ. ನಾಳೆ ಬೆಲೆ ಕಟ್ಟುವವನಿಗೆ ಅದೇ ಆಧಾರ, ಅಂದ್ರೆ ಮತ್ತೆ ಅದೇ ನನ್ನ ಹಟ.

ಪ್ಯಾಕಿಂಗ್. ಮೊದಲು ಮೆತ್ತನೆ ಸ್ಲೀವ್, ಆಮೇಲೆ ಟಾಪ್‌ಲೋಡರ್, ಅಂದ್ರೆ ಮೇಲೆ ಬಾಯಿ ಇರೋ ಗಟ್ಟಿ ಪ್ಲಾಸ್ಟಿಕ್ ಕವಚ. ಸ್ಲೀವ್ ಇಲ್ಲದೆ ತುರುಕಿದರೆ ಹೋಲೋ ಮೇಲೆ ಗೀರು. ಬಾಯಿಗೆ ಸೆಲೋಟೇಪ್ ಹಾಕಬೇಡಿ: ಕೀಳುವಾಗ ಅಂಟು ಒಳಗೆ ಜಾರಿ ಕಾರ್ಡಿಗೆ ಹತ್ತುತ್ತೆ. ಪೇಂಟರ್‌ಗಳು ಬಳಸೋ ಕಾಗದದ ಟೇಪ್ ಹಾಕಿ, ತುದಿಯನ್ನ ಮಡಚಿ ಕಿವಿ ಬಿಡಿ, ಹಿಡಿದು ಎಳೆಯೋಕೆ. ಟಾಪ್‌ಲೋಡರಿಗಿಂತ ಅರ್ಧ ಇಂಚು ದೊಡ್ಡ ಎರಡು ರಟ್ಟಿನ ನಡುವೆ ಇಟ್ಟು, ಮಳೆಗೆ ಜಿಪ್ ಕವರ್, ಹೊರಗೆ ಬಬಲ್ ಕವರ್. ರಬ್ಬರ್ ಬ್ಯಾಂಡ್ ಅಂಚನ್ನ ಕಚ್ಚುತ್ತೆ. ಸ್ಟೇಪ್ಲರ್ ತೆಗೆದವರಿಗೆ ಏನನ್ನಬೇಕೋ ಗೊತ್ತಿಲ್ಲ. ಪ್ಯಾಕ್ ಮಾಡುವಾಗ ಮಾರುವವರು, ಬಿಚ್ಚುವಾಗ ಕೊಳ್ಳುವವರು ತಡೆಯಿಲ್ಲದ ಒಂದೇ ವೀಡಿಯೊ ಮಾಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯ್ತು, ಹಾಗಾಗಿ ಕಳಿಸೋದು ಅದರಲ್ಲೇ. ಟ್ರ್ಯಾಕಿಂಗ್ ನಂಬರನ್ನ ಅದೇ ದಿನ ಕಳಿಸಿ, ಕೊಂಡವರು ಕೇಳೋವರೆಗೂ ಕಾಯಬೇಡಿ.

ಇನ್ನು ಐದೇ ನಿಮಿಷ ಅಂತ ನನಗೆ ಚೀಟಿ ಬಂತು. ಕಾರ್ಡಿಗೆ ಕಾರ್ಡ್ ಅದಲು ಬದಲು ಮಾಡೋದಾದ್ರೆ ಹೆಸರು ಮಾಡದವರು ಮೊದಲು ಕಳಿಸೋದು ಪದ್ಧತಿ. ದುಡ್ಡು ಬರೋಕೆ ಯುಪಿಐ ಪಿನ್ ಬೇಡ; ಪಿನ್ ಹಾಕಿ ಅಂದವನು ಕಳ್ಳ, ಮೋಸ ಆಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತೂಕ ಹಾಕಿ, ಹೋಲೋ ಇರಬಹುದಾದ ಭಾರದ್ದು ಎತ್ತಿಟ್ಟುಕೊಂಡು ಉಳಿದ ಹಳೇ ಪ್ಯಾಕುಗಳನ್ನ ಸೀಲ್ಡ್ ಅಂತ ಮಾರೋದಾದ್ರೆ, 'ತೂಕ ನೋಡಿದ್ದು' ಅಂತ ಬರೆಯಿರಿ. ಹುಡುಗರು ಮಾರ್ತಿದ್ದರೆ ಅವರ ಅಪ್ಪ ಅಮ್ಮನ ಹತ್ತಿರ ಮಾತಾಡಿ. ನಕಲಿ ಗುರುತಿಸೋದು ಅರ್ಧ ಗಂಟೆಯ ವಿಷಯ, ಬಿಟ್ಟುಬಿಡ್ತೀನಿ. ಟಾರ್ಚ್ ಬೆಳಕು ಸಲೀಸಾಗಿ ಹಾಯ್ದರೆ ಕೊಳ್ಳಬೇಡಿ, ಅಷ್ಟು ಸಾಕು. ಮುಖಾಮುಖಿ ವ್ಯವಹಾರಕ್ಕೆ ಮೆಟ್ರೋ ಸ್ಟೇಷನ್ ಒಳ್ಳೇದು, ಕ್ಯಾಮೆರಾ ಇರುತ್ತೆ, ಬೆಳಕೂ ಇರುತ್ತೆ. ಮೆಜೆಸ್ಟಿಕ್ ಬೇಡ, ಅಲ್ಲಿ ಒಬ್ಬರನ್ನೊಬ್ಬರು ಹುಡುಕೋದರಲ್ಲೇ ಸಂಜೆಯಾಗುತ್ತೆ. ಪ್ರಶ್ನೆಗಳಿದ್ದರೆ ಕಾಫಿ ಹೊತ್ತಿಗೆ ಹಿಡೀರಿ. ಕಾಫಿ ಲೋಟ ಮಾತ್ರ ಬೈಂಡರ್ ಇಲ್ಲದ ಟೇಬಲಿಗೆ.