ಕಮಾಂಡೋ ಜೇಬಿನಲ್ಲಿ ಕಬ್ಬಿನ ಗಾಡಿಯ ಕೋಲು

[ಶುರು: ಮಂಡ್ಯ ಹತ್ತಿರದ ಗದ್ದೆ ಬದಿ. ಹಿಂದೆ ಕಬ್ಬು ತುಂಬುತ್ತಿರುವ ಎತ್ತಿನ ಗಾಡಿ]

ನಮಸ್ಕಾರ. ಮದ್ದೂರಿನ ಒಬ್ಬರು ಕೇಳಿದ್ದರು: "ಸಾರ್, ಈ ಕಮಾಂಡೋಗಳು ರಾತ್ರಿ ಹೊತ್ತು ಶತ್ರು ಜಾಗಕ್ಕೆ ನುಗ್ಗುತ್ತಾರಲ್ಲ, ಅಲ್ಲಿ ಗುಂಡು ಬಿದ್ದರೆ 108ಕ್ಕೆ ಯಾರು ಫೋನ್ ಮಾಡುತ್ತಾರೆ?" ನಕ್ಕೆ. ಆಮೇಲೆ ಮೂರು ದಿನ ಅದನ್ನೇ ಓದುತ್ತಾ ಕೂತೆ.

ಬೇಸಿಕ್ ಬೇಗ ಮುಗಿಸೋಣ. ಚಿಕ್ಕ ತಂಡ, ದೂರದ ಜಾಗ, ಜೊತೆಗೆ ಒಬ್ಬರೋ ಇಬ್ಬರೋ ಮೆಡಿಕ್, ಅಂದರೆ ಗಾಯಕ್ಕೆ ಚಿಕಿತ್ಸೆ ಕೊಡುವ ಸೈನಿಕ. ಹೆಲಿಕಾಪ್ಟರ್ ಬಂದಾಗ ಬಂತು. ಕೈಕಾಲಿನಿಂದ ರಕ್ತ ಸುರಿಯುವುದು, ಎದೆಯೊಳಗೆ ಗಾಳಿ ತುಂಬಿ ಶ್ವಾಸಕೋಶ ಅಮುಕುವುದು, ಉಸಿರಿನ ದಾರಿ ಕಟ್ಟಿಕೊಳ್ಳುವುದು. ಅಲ್ಲೇ ಏನಾದರೂ ಮಾಡಿ ಉಳಿಸಬಹುದಾದ ಜೀವಗಳು ಹೆಚ್ಚಾಗಿ ಈ ಮೂರರಲ್ಲೇ ಹೋಗುತ್ತಿದ್ದವು. ಅದರಲ್ಲೂ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಇರುವುದು ಕೆಲವೇ ನಿಮಿಷ.

ಈಗ ಹಿಂದೆ ಗಾಡಿ ನೋಡಿ. ಕ್ಯಾಮೆರಾ ಹತ್ತಿರ ಬಾ. ಕಬ್ಬಿನ ಹೊರೆ ಮೇಲೆ ಹಗ್ಗ ಹಾಕಿದರು, ಇಬ್ಬರು ಜಗ್ಗಿದರು, ಆದರೂ ಸಡಿಲ. ಆಗ ಯಜಮಾನರು ಹಗ್ಗದೊಳಗೆ ಒಂದು ಗೇಣು ಕೋಲು ತೂರಿಸಿ ಗರಗರ ತಿರುಗಿಸುತ್ತಾರೆ. ಒಂದು ಸುತ್ತು, ಎರಡು ಸುತ್ತು, ಕಬ್ಬು ಕಿರ್ರ್ ಅನ್ನುತ್ತದೆ. ಇಬ್ಬರ ಕೈಲಿ ಆಗದ್ದು ಒಂದು ಕೋಲಿಂದ ಆಯಿತು! ಕಮಾಂಡೋ ಜೇಬಿನಲ್ಲಿರುವ ಟೂರ್ನಿಕೆ ಇದೇ ಸ್ವಾಮಿ. ಒಂದು ಅಗಲದ ಪಟ್ಟಿ, ಒಂದು ಪ್ಲಾಸ್ಟಿಕ್ ಕೋಲು, ಕೋಲು ವಾಪಸ್ ತಿರುಗದ ಹಾಗೆ ಒಂದು ಕೊಕ್ಕೆ, ಕಟ್ಟಿದ ಟೈಮ್ ಬರೆಯಲು ಒಂದು ಬಿಳಿ ತುಂಡು. ಒಂದೇ ಕೈಯಲ್ಲಿ ತನಗೆ ತಾನೇ ಕಟ್ಟಿಕೊಳ್ಳಬಹುದು. ನಾನು ತೋಳಿಗೆ ಹಾಕಿಸಿಕೊಂಡು ನೋಡಿದೆ. ಎರಡನೇ ಸುತ್ತಿಗೆ ಬೆರಳು ಜುಂ ಅಂದಿತು, ಮೂರನೇ ಸುತ್ತಿಗೆ ಕಿರುಚಿದೆ, ನಾಡಿ ಇನ್ನೂ ಹೊಡೆಯುತ್ತಲೇ ಇತ್ತು. ಅಂದರೆ ಇನ್ನೂ ಬಿಗಿ ಬೇಕು! ನೀವು ಸುಮ್ನೆ ಟ್ರೈ ಮಾಡಬೇಡಿ.

ಇಷ್ಟು ಸುಲಭದ ಸಾಮಾನನ್ನು ಮೊದಲು "ಕೊನೇ ಉಪಾಯ, ಕಟ್ಟಿದರೆ ಕಾಲೇ ಹೋಗುತ್ತೆ" ಅಂತ ಪಕ್ಕಕ್ಕೆ ಇಟ್ಟಿದ್ದರು. 1996ರಲ್ಲಿ ಫ್ರಾಂಕ್ ಬಟ್ಲರ್ ಮತ್ತು ಜೊತೆಯವರು, ಗುಂಡು ಹಾರುತ್ತಿರುವಾಗ ಆಸ್ಪತ್ರೆ ರೂಲ್ಸ್ ನಡೆಯಲ್ಲ, ಮೊದಲು ರಕ್ತ ನಿಲ್ಲಿಸಿ ಅಂತ ಬರೆದರು. ಈ ಬಟ್ಲರ್ ಮೊದಲು ಅಮೆರಿಕದ ನೇವಿ ಸೀಲ್, ಅಂದರೆ ನೌಕಾಪಡೆಯ ಕಮಾಂಡೋ, ಆಮೇಲೆ ಕಣ್ಣಿನ ಡಾಕ್ಟರು. ಹೌದು, ಕಣ್ಣಿನ ಡಾಕ್ಟರು! 2006ರಲ್ಲಿ ಬಾಗ್ದಾದ್ ಆಸ್ಪತ್ರೆಯೊಂದರಲ್ಲಿ ನಡೆದ ಅಧ್ಯಯನದಲ್ಲಿ, ಶಾಕ್‌ಗೆ (ರಕ್ತ ಹೋಗಿ ದೇಹ ಕುಸಿಯುವ ಸ್ಥಿತಿಗೆ) ಹೋಗುವ ಮೊದಲೇ ಕಟ್ಟಿದವರಲ್ಲಿ 90% ಉಳಿದರು, ಶಾಕ್ ಆದಮೇಲೆ ಕಟ್ಟಿದವರಲ್ಲಿ 10%. ಕಟ್ಟುವ ಸಾಮಾನು ಅದೇ, ತಡವಾಗಿತ್ತು ಅಷ್ಟೇ.

ಹಾಗಾದರೆ ಬೇಗ ಕಟ್ಟುವವರು ಯಾರು? ಮೆಡಿಕ್ ಓಡಿ ಬರಬೇಕು. ಮೆಡಿಕ್‌ಗೇ ಗುಂಡು ಬಿದ್ದರೆ? ಇಲ್ಲಿದೆ ನನಗೆ ಇಷ್ಟವಾದ ಭಾಗ. 1990ರ ದಶಕದ ಕೊನೆಯಲ್ಲಿ ಅಮೆರಿಕ ಸೇನೆಯ ಕಮಾಂಡೋ ಪಡೆ 75ನೇ ರೇಂಜರ್ ರೆಜಿಮೆಂಟ್‌ನ ಕಮಾಂಡರ್ ಸ್ಟಾನ್ಲಿ ಮೆಕ್ರಿಸ್ಟಲ್ ತರಬೇತಿಯಲ್ಲಿ ನಾಲ್ಕೇ ವಿಷಯ ಮುಖ್ಯ ಅಂದರು: ಗುರಿ ಇಟ್ಟು ಹೊಡೆಯುವುದು, ದೇಹದ ಕಸುವು, ಚಿಕ್ಕ ತಂಡದ ಕಾದಾಟ ಮತ್ತು ಚಿಕಿತ್ಸೆ. ಬಂದೂಕು ಹಿಡಿಯುವ ಪ್ರತಿಯೊಬ್ಬನೂ ರಕ್ತ ನಿಲ್ಲಿಸಲು ಕಲಿಯಬೇಕು. ಕಲಿತಿಲ್ಲ ಅಂದರೆ ಡಾಕ್ಟರನ್ನಲ್ಲ, ಕಮಾಂಡರನ್ನೇ ಕೇಳಿ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಫಸ್ಟ್ ಏಡ್ ಡಬ್ಬಿಗೆ ಬೀಗ ಇತ್ತು. ಕೀ ಒಬ್ಬರ ಹತ್ತಿರ. ಅವರು ಮದುವೆಗೆ ರಜೆ. ಬೆರಳು ಕುಯ್ದುಕೊಂಡ ನಾನು ಕರ್ಚೀಫ್ ಸುತ್ತಿಕೊಂಡು ಸಂಜೆವರೆಗೆ ಟೈಪ್ ಮಾಡಿದೆ.

ರೇಂಜರ್‌ಗಳು ಪ್ರತಿ ಗಾಯವನ್ನೂ ಕಾರ್ಡಿನಲ್ಲಿ ಬರೆದಿಟ್ಟರು. ಎಲ್ಲಿ ಬಿತ್ತು, ಯಾರು ಕಟ್ಟಿದರು, ಏನು ತಪ್ಪಿತು. 2011ರಲ್ಲಿ ಲೆಕ್ಕ ಹೊರಬಂತು. ಇರಾಕ್, ಅಫ್ಘಾನಿಸ್ತಾನದಲ್ಲಿ ಯುದ್ಧದ ಏಟು ತಿಂದ ರೇಂಜರ್‌ಗಳು 419 ಜನ, ಸತ್ತವರು 32. ಆಸ್ಪತ್ರೆ ಸೇರುವ ಮೊದಲು ಇನ್ನೇನಾದರೂ ಮಾಡಿದ್ದರೆ ಉಳಿಯುತ್ತಿದ್ದರು ಅನ್ನುವಂಥವರು ಆ 32ರಲ್ಲಿ ಎಷ್ಟು? ಒಬ್ಬರೂ ಇಲ್ಲ!

ಟೈಮ್ ಆಗುತ್ತಿದೆ, ಎತ್ತುಗಳೂ ತಲೆ ಆಡಿಸುತ್ತಿವೆ, ಉಳಿದದ್ದು ಓಡಿಸುತ್ತೇನೆ. ಹೊಟ್ಟೆಗೆ, ತೊಡೆಸಂದಿಗೆ ಬಿದ್ದರೆ ಪಟ್ಟಿ ಕಟ್ಟಲು ಜಾಗವೇ ಇಲ್ಲ. ಅಲ್ಲಿ ರಕ್ತವೇ ಕೊಡಬೇಕು. ಅದಕ್ಕೆ ತಂಡದಲ್ಲಿ ಯಾರ ಓ ಗುಂಪಿನ ರಕ್ತ ಎಲ್ಲರಿಗೂ ಹೊಂದುತ್ತದೆ ಅಂತ ಮೊದಲೇ ಪರೀಕ್ಷೆ ಮಾಡಿಟ್ಟುಕೊಳ್ಳುತ್ತಾರೆ. ಪಕ್ಕದಲ್ಲಿ ನಡೆಯುವವನೇ ಬ್ಲಡ್ ಬ್ಯಾಂಕು.

ಇನ್ನೊಂದು. ಹಾವು ಕಚ್ಚಿದರೆ ಈ ಟೂರ್ನಿಕೆ ಕಟ್ಟಬೇಡಿ. ನಮ್ಮ ಕಡೆ ಈಗಲೂ ಹಗ್ಗ ಬಿಗಿದುಕೊಂಡೇ ಆಸ್ಪತ್ರೆಗೆ ಬರುತ್ತಾರೆ, ಅದರಿಂದ ಕೈಕಾಲಿಗೇ ಹಾನಿ. ಅಲ್ಲಾಡಿಸದೆ ಬೇಗ ಕರೆದುಕೊಂಡು ಹೋಗಿ, ಸಾಕು.

ನಮ್ಮವರ ಕಥೆ ಇಲ್ವಾ ಅಂದರೆ, ಇದೆ. ಕೊರಿಯಾ ಯುದ್ಧದಲ್ಲಿ, 1951ರ ಮಾರ್ಚ್‌ನಲ್ಲಿ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅನ್ನುವ ಭಾರತೀಯ ಸೇನೆಯ ವೈದ್ಯಕೀಯ ತುಕಡಿಯ ತಂಡ ಅಮೆರಿಕನ್ ಸೈನಿಕರ ಜೊತೆ ವಿಮಾನದಿಂದ ಜಿಗಿಯಿತು. 108 ಬರಲಿಲ್ಲ, ಆಕಾಶದಿಂದ ಡಾಕ್ಟರೇ ಬಿದ್ದರು. ಅದಕ್ಕೆ ಬೇರೆ ವಿಡಿಯೋನೇ ಮಾಡಬೇಕು. ಅಯ್ಯೋ, ಗಾಡಿ ಹೊರಟಿತು, ನನ್ನ ಟ್ರೈಪಾಡ್ ಬ್ಯಾಗ್ ಅದರ ಮೇಲೇ ಇದೆ. ಯಜಮಾನ್ರೇ!