ವೈ-ಫೈ ಹೆಸರನ್ನು ಬಚ್ಚಿಡಬೇಡಿ

ನಮಸ್ಕಾರ. ಹೋದ ತಿಂಗಳು ಶಿವಮೊಗ್ಗದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳಿಗೆ ಕಾಲೇಜಿಗೆಂದು ಹೊಸ ಲ್ಯಾಪ್‌ಟಾಪ್ ತಂದಿದ್ದರು. ಮನೆಯ ಮೊಬೈಲ್‌ಗಳಲ್ಲೆಲ್ಲ ವೈ-ಫೈ ಬರುತ್ತಿತ್ತು, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಲ್ಲ. ಪಟ್ಟಿಯಲ್ಲಿ ಅಕ್ಕಪಕ್ಕದ ಮನೆಗಳ ಹೆಸರೆಲ್ಲ ಇದೆ, ಇವರದ್ದೇ ಇಲ್ಲ. ಲ್ಯಾಪ್‌ಟಾಪೇ ಸರಿಯಿಲ್ಲ, ವಾಪಸ್ ಕೊಡೋಣ ಎಂದು ಅದನ್ನು ಪೆಟ್ಟಿಗೆಗೆ ತುಂಬಿಟ್ಟಿದ್ದರು.

ಲ್ಯಾಪ್‌ಟಾಪ್ ಚೆನ್ನಾಗಿಯೇ ಇತ್ತು. ಲೈನ್ ಹಾಕಲು ಬಂದವನು, 'ಸೇಫ್ಟಿಗೆ ಇರ್ಲಿ ಮೇಡಂ' ಎಂದು ರೂಟರ್‌ನಲ್ಲಿ ಹೆಸರನ್ನು ಹೈಡ್ ಮಾಡಿ ಹೋಗಿದ್ದ. ಮೊಬೈಲ್‌ಗಳಿಗೆ ಅವತ್ತೇ ಹೆಸರು ಟೈಪ್ ಮಾಡಿ ಜೋಡಿಸಿದ್ದ. ಅದಕ್ಕೇ ಅವು ಕೆಲಸ ಮಾಡುತ್ತಿದ್ದವು.

ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ, ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆಯಿರಿ. ನೆಟ್‌ವರ್ಕ್ ಆಂಡ್ ಇಂಟರ್‌ನೆಟ್, ಅದರೊಳಗೆ ವೈ-ಫೈ, ಅಲ್ಲಿ ಮ್ಯಾನೇಜ್ ನೋನ್ ನೆಟ್‌ವರ್ಕ್ಸ್, ಆಮೇಲೆ ಆಡ್ ನೆಟ್‌ವರ್ಕ್. ಜಾಸ್ತಿ ಜನ ತಪ್ಪುವುದು ಇಲ್ಲೇ. ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಲೆಕ್ಕ. ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡರೂ ಅದು ಬೇರೆ ಹೆಸರೇ. ಸೆಕ್ಯೂರಿಟಿ ಟೈಪ್ ಕೂಡ ನೀವೇ ಆರಿಸಬೇಕು. ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎಂದರೆ ವೈ-ಫೈಗೆ ಹಾಕುವ ಬೀಗದ ಬಗೆಗಳು. ರೂಟರ್‌ನಲ್ಲಿ ಡಬ್ಲ್ಯುಪಿಎ2 ಇದ್ದು ನೀವು ಬರೀ ಡಬ್ಲ್ಯುಪಿಎ3 ಆರಿಸಿದರೆ ಪಾಸ್‌ವರ್ಡ್ ಸರಿಯಿದ್ದರೂ ಸೇರುವುದಿಲ್ಲ. ಕೆಳಗೆ 'ಕನೆಕ್ಟ್ ಈವನ್ ಇಫ್ ದಿಸ್ ನೆಟ್‌ವರ್ಕ್ ಈಸ್ ನಾಟ್ ಬ್ರಾಡ್‌ಕಾಸ್ಟಿಂಗ್' ಎಂಬ ಚೌಕ ಇದೆ. ಅದಕ್ಕೆ ಟಿಕ್ ಹಾಕಿ. ನಾವು ಮರೆತದ್ದು ಅದನ್ನೇ. ಅರ್ಧ ಮಧ್ಯಾಹ್ನ ಅದಕ್ಕೇ ಹೋಯಿತು.

ಇಷ್ಟೆಲ್ಲ ಒದ್ದಾಟ ಯಾಕೆ ಬೇಕು? ನನಗೆ ಬೇಜಾರಾಗುವುದು ಇದಕ್ಕೇ. ಹೆಸರು ಬಚ್ಚಿಟ್ಟರೆ ಕಳ್ಳರಿಗೆ ಕಾಣುವುದಿಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದು ನಿಜವಲ್ಲ.

ರೂಟರ್ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಸಲ 'ನಾನು ಇಲ್ಲಿದ್ದೇನೆ' ಎಂದು ಸಾರುತ್ತಿರುತ್ತದೆ. ಇದಕ್ಕೆ ಬೀಕನ್ ಎನ್ನುತ್ತಾರೆ. ಹೈಡ್ ಮಾಡಿದರೆ ಆ ಸಾರುವಿಕೆ ನಿಲ್ಲುವುದಿಲ್ಲ, ಹೆಸರಿನ ಜಾಗ ಮಾತ್ರ ಖಾಲಿಯಾಗುತ್ತದೆ. ನಿಮ್ಮ ಮೊಬೈಲ್ ಸೇರಿಕೊಳ್ಳುವಾಗ ಆ ಹೆಸರನ್ನು ಗಾಳಿಯಲ್ಲಿ ಹೇಳಲೇಬೇಕು, ಅದೂ ಯಾವ ಬೀಗವೂ ಇಲ್ಲದೆ. ಕಿಸ್ಮೆಟ್‌ನಂಥ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಕಾದು ಕೂತವನಿಗೆ ಯಾರೋ ಒಬ್ಬರು ಕನೆಕ್ಟ್ ಆದ ಕೂಡಲೇ ಹೆಸರು ಸಿಕ್ಕಿಬಿಡುತ್ತದೆ. ಅಂದರೆ ಕದಿಯಲು ಬಂದವನಿಗೆ ಕಾಣುತ್ತದೆ, ಮನೆಯ ಮಗುವಿಗೆ ಕಾಣುವುದಿಲ್ಲ.

ಇನ್ನೂ ಒಂದಿದೆ, ಇದು ನನಗೆ ನಿಜವಾಗಿ ಹೆದರಿಕೆ ತರಿಸುತ್ತದೆ. ರೂಟರ್ ಹೆಸರು ಹೇಳದಿದ್ದರೆ ಲ್ಯಾಪ್‌ಟಾಪೇ ಹುಡುಕಬೇಕು. ಆ ಚೌಕಕ್ಕೆ ಟಿಕ್ ಹಾಕಿದ ಲ್ಯಾಪ್‌ಟಾಪ್ ಬಸ್ ಸ್ಟ್ಯಾಂಡಿನಲ್ಲೂ ಹಾಸ್ಟೆಲಿನಲ್ಲೂ ನಿಮ್ಮ ಮನೆಯ ನೆಟ್‌ವರ್ಕ್ ಹೆಸರು ಹಿಡಿದು 'ಇದ್ದೀಯಾ' ಎಂದು ಕೇಳುತ್ತಾ ತಿರುಗುತ್ತದೆ. ಹೆಸರಿನಲ್ಲಿ ಮನೆತನವೋ ಫ್ಲ್ಯಾಟ್ ನಂಬರೋ ಇದ್ದರೆ ಯೋಚಿಸಿ. ರೂಟರ್‌ನಲ್ಲಿ ಹೈಡ್ ಆಯ್ಕೆಯನ್ನು ಆಫ್ ಇಡಿ ಎಂದು ಆಪಲ್ ಕಂಪನಿಯೇ ಶಿಫಾರಸು ಮಾಡುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಕೆಲವರು, ಹೈಡ್ ಮಾಡಿದರೆ ಗಾಳಿಯಲ್ಲಿ ಗದ್ದಲ ಕಡಿಮೆ ಎನ್ನುತ್ತಾರೆ. ಬೀಕನ್ ಹೋಗುತ್ತಲೇ ಇರುವಾಗ ಅದು ಹೇಗೆ ಕಡಿಮೆಯಾಗುತ್ತದೆ? ಪಟ್ಟಿಯಲ್ಲಿ ಒಂದು ಸಾಲು ಕಡಿಮೆ, ಅಷ್ಟೆ.

ಕಾಪಾಡುವುದು ಪಾಸ್‌ವರ್ಡ್. ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಪಾಸ್‌ವರ್ಡ್ ಉದ್ದವಾಗಿರಲಿ, ಫೋನ್ ನಂಬರ್ ಖಂಡಿತ ಬೇಡ. ರೂಟರ್ ಪೇಜಿಗೆ ಹೋಗುವ ಅಡ್ಮಿನ್ ಪಾಸ್‌ವರ್ಡನ್ನೂ ಬದಲಾಯಿಸಿ. ಬಹಳ ಮನೆಗಳಲ್ಲಿ ಅದನ್ನು ಯಾರೂ ಮುಟ್ಟಿಯೇ ಇರುವುದಿಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. 'ಹಾಗಾದ್ರೆ ತೆಗೆದುಬಿಡು ಮಾರಾಯ' ಅಂದಳು. ರೂಟರ್ ಪೇಜ್ ತೆರೆದು 'ಹೈಡ್ ಎಸ್‌ಎಸ್‌ಐಡಿ' ಟಿಕ್ ತೆಗೆದೆ. ಎಸ್‌ಎಸ್‌ಐಡಿ ಎಂದರೆ ವೈ-ಫೈ ಹೆಸರೇ. ನೀವೂ ತೆಗೆಯುವುದಾದರೆ ಒಂದು ಕೆಲಸ ಮರೆಯಬೇಡಿ. ಮನೆಯ ಪ್ರತಿ ಮೊಬೈಲ್, ಲ್ಯಾಪ್‌ಟಾಪ್‌ನಲ್ಲೂ ಹಳೆಯ ನೆಟ್‌ವರ್ಕನ್ನು ಫರ್ಗೆಟ್ ಕೊಟ್ಟು, ಪಟ್ಟಿಯಲ್ಲಿ ಕಾಣುವ ಹೆಸರನ್ನು ಒತ್ತಿ ಹೊಸದಾಗಿ ಸೇರಿಸಿ. ಇಲ್ಲದಿದ್ದರೆ ರೂಟರ್ ಹೆಸರು ಹೇಳುತ್ತಿದ್ದರೂ, ಅವು ಹಳೇ ಅಭ್ಯಾಸದಂತೆ ಹೋದಲ್ಲೆಲ್ಲ ಅದೇ ಹೆಸರನ್ನು ಕೂಗುತ್ತಿರುತ್ತವೆ.