ಹೆಪ್ಪು ಆರಿಸಿ ಹಾಕ್ರಿ

ಕೇಳುಗರಿಗೆಲ್ಲ ನಮಸ್ಕಾರ. ಪ್ರೊಬಯಾಟಿಕ್ ಬಗ್ಗೆ ಮಾತಾಡ್ರಿ ಅಂತ ಚಿತ್ರದುರ್ಗ ಆಕಾಶವಾಣಿಯವರು ಕರೆದಿದಾರೆ. ಹೆಸರು ಕೇಳಿ ಹೆದರ್ಕೋಬೇಡ್ರಿ. ಜೀವ ಇರೋ ಒಳ್ಳೆ ಬ್ಯಾಕ್ಟೀರಿಯಾ ಸಾಕಷ್ಟು ಪ್ರಮಾಣದಲ್ಲಿ ಹೊಟ್ಟೆಗೆ ಹೋಗಿ ಮೈಗೆ ಅನುಕೂಲ ಮಾಡಿದ್ರೆ ಅದೇ ಪ್ರೊಬಯಾಟಿಕ್. ಜೀವ ಇರಬೇಕು, ಅಷ್ಟೇ ಮುಖ್ಯ. ಮೆಡಿಕಲ್ ಶಾಪ್‌ನಲ್ಲಿ ಕ್ಯಾಪ್ಸೂಲ್ ಸಿಗ್ತಾವೆ, ಡಾಕ್ಟ್ರು ಬರ್ಕೊಟ್ರೆ ತಗೊಳ್ರಿ. ನಾನಿವತ್ತು ಮಾತಾಡೋದು ನಿಮ್ಮನೆ ಮೊಸರಿನ ಬೋಸಿ ಬಗ್ಗೆ. ಒಂದೇ ಮಾತು ಹೇಳ್ತೀನಿ, ಹೆಪ್ಪು ಆರಿಸಿ ಹಾಕ್ರಿ, ಅಂದ್ರೆ ಒಳ್ಳೇದು ಯಾವುದು ಅಂತ ನೋಡಿ ಆಯ್ಕೆ ಮಾಡಿ ಹಾಕ್ರಿ.

ಹಾಲು ಯಾವ ಡೈರೀದು, ಹಸೂದಾ ಎಮ್ಮೇದಾ ಅಂತ ಎಲ್ಲಾ ವಿಚಾರಿಸ್ತೀವಿ, ಹೆಪ್ಪು ಮಾತ್ರ ಫ್ರಿಜ್ಜಿನ ಮೂಲೇಲಿ ಎಂಟು ದಿನದಿಂದ ಕೂತಿರೋ ಹುಳಿ ಮೊಸರಲ್ಲಿ ಒಂದು ಚಮಚ ಬಳ್ದು ಹಾಕಿಬಿಡ್ತೀವಿ. ಹಾಲು ಬರೀ ಆಹಾರ, ಅದನ್ನ ತಿಂದು ಹುಳಿ ಮಾಡಿ ಮೊಸರು ಮಾಡೋದು ಹೆಪ್ಪಿನಲ್ಲಿರೋ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಇವತ್ತು ಯಾವುದನ್ನ ಹಾಕ್ತೀರೋ ನಾಳೆ ಅದೇ ಕೋಟಿಗಟ್ಟಲೆ ಆಗಿರ್ತಾವೆ.

ಚಳ್ಳಕೆರೆ ಕಡೆ ಹಳ್ಳೀಲಿದ್ದ ನಮ್ಮ ದೊಡ್ಡಮ್ಮನ ವಿಷ್ಯ ಹೇಳ್ಲೇಬೇಕು. ಒಂದು ಬ್ಯಾಸಿಗೇಲಿ ಅವರ ಮನೆ ಮೊಸರು ಲೋಳೆ ಆಗೋಕೆ ಶುರುವಾಯ್ತು, ಚಮಚ ಎತ್ತಿದ್ರೆ ನೂಲು ಎಳಿಯೋದು. ನೋಡಿದ್ರೆ ಇಡೀ ಓಣೀದೇ ಅದೇ ಕತೆ, ಯಾಕಂದ್ರೆ ಎಲ್ಲಾರೂ ಒಬ್ಬರ ಮನೆಯಿಂದ ಒಬ್ಬರು ಹೆಪ್ಪು ಇಸ್ಕೊಂಡಿದ್ರು. ಬೇರೆಯವರು ಹಾಲು ಕೆಟ್ಟೈತೆ ಅಂತ ಹಾಲಿನವನ ಮೇಲೆ ಜಗಳಕ್ಕೆ ಹೋದ್ರು. ದೊಡ್ಡಮ್ಮ ಹೋಗ್ಲಿಲ್ಲ. ಪಾತ್ರೆ ಎಲ್ಲಾ ಬಿಸಿನೀರಲ್ಲಿ ಕುದಿಸಿದ್ಳು, ನಾಲ್ಕು ಸ್ಟೀಲ್ ಲೋಟ ತಗೊಂಡ್ಳು, ಒಂದೇ ಹಾಲು ಕಾಯಿಸಿ ಆರಿಸಿ ನಾಲ್ಕಕ್ಕೂ ಹಾಕಿದ್ಳು. ಮೂರಕ್ಕೆ ಮೂರು ಬೇರೆ ಬೇರೆ ಊರಿಂದ ತರಿಸಿದ ಹೆಪ್ಪು, ನಾಲ್ಕನೇದಕ್ಕೆ ಒಣ ಮೆಣಸಿನಕಾಯಿ ತೊಟ್ಟು. ತೊಟ್ಟಿನಿಂದಾನೂ ಹಾಲು ಹೆಪ್ಪಾಗುತ್ತೆ, ಆದ್ರೆ ಅದರ ಮೇಲೆ ಯಾವ ಬ್ಯಾಕ್ಟೀರಿಯಾ ಕೂತಿರುತ್ತೋ ಯಾರಿಗೊತ್ತು! ಆಕೆಗೂ ನಂಬಿಕೆ ಇರ್ಲಿಲ್ಲ, ಬೆಳಿಗ್ಗೆ ಮೂಸಿ ನೋಡಿ ಚೆಲ್ಲಿದ್ಳು.

ಉಳಿದ ಮೂರನ್ನ ಹೆಂಗೆ ಪರೀಕ್ಷೆ ಮಾಡಿದ್ಳು ಅಂದ್ರೆ, ಚಮಚದ ತುದಿಯಿಂದ ಒಂದು ಕಡೆ ಕೊಯ್ದಂಗೆ ತೆಗೆದು ಆ ಗುಂಡೀಲಿ ನೀರು ಎಷ್ಟು ಬಿಡುತ್ತೆ, ಅಂಚು ನಿಲ್ಲುತ್ತಾ ಕುಸಿಯುತ್ತಾ ಅಂತ ನೋಡೋಳು. ಆಮೇಲೆ ವಾಸನೆ. ಕೊನೇಗೆ ನಾಲಿಗೆ ಮೇಲೆ ಒಂದು ತೊಟ್ಟು. ಗೆದ್ದ ಲೋಟದಿಂದ ಮತ್ತೆ ಹೊಸ ಹಾಲಿಗೆ, ಅದರಿಂದ ಮತ್ತೆ. ದಿನಾ ಒಂದೇ ರುಚಿ ಬರೋಕೆ ಹತ್ತಿದ ಮೇಲೇನೇ ಓಣಿಗೆಲ್ಲ ಹಂಚಿದ್ದು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರ್ದು ಅನ್ನೋ ಶಾಸ್ತ್ರಾನೂ ಅವತ್ತು ಬದಿಗಿಟ್ಳು.

ನಾನು ಡೈರಿ ಮೈಕ್ರೋಬಯಾಲಜಿ ಓದಿದೋನು, ಧೈರ್ಯವಾಗಿ ಹೇಳ್ತೀನಿ, ಇದು ಲ್ಯಾಬೊರೇಟರಿ ಕೆಲಸಾನೇ. 1930ರಲ್ಲಿ ಜಪಾನಿನ ಮಿನೋರು ಶಿರೋಟಾ ಅನ್ನೋ ಡಾಕ್ಟರು ಜಠರದ ಆಮ್ಲ, ಪಿತ್ತರಸ ಎರಡನ್ನೂ ತಡ್ಕೊಂಡು ಕರುಳಿಗೆ ಜೀವಂತ ಮುಟ್ಟೋ ಬ್ಯಾಕ್ಟೀರಿಯಾನ ಹಿಂಗೇ ಆರಿಸಿ ಆರಿಸಿ ಬೆಳೆಸಿದ್ರು, 1935ರಲ್ಲಿ ಅದನ್ನೇ ಹಾಕಿ ಹುಳಿ ಬರಿಸಿದ ಹಾಲಿನ ಪಾನೀಯ ಯಾಕುಲ್ಟ್ ಅಂತ ಮಾರಾಟಕ್ಕೆ ಬಂತು. ಅವರ ಹತ್ರ ಮೈಕ್ರೋಸ್ಕೋಪ್ ಇತ್ತು, ದೊಡ್ಡಮ್ಮನ ಹತ್ರ ಮೂಗು ನಾಲಿಗೆ ಇತ್ತು. ಆರಿಸಿದ್ದು ಇಬ್ಬರೂ.

ಟೈಮ್ ಆಗ್ತಾ ಬಂತು ಅಂತ ಗಾಜಿನ ಆಚೆಯಿಂದ ಸನ್ನೆ ಮಾಡ್ತಿದಾರೆ, ಉಳಿದಿದ್ದು ಬೇಗ ಹೇಳ್ತೀನಿ. ಹಾಲು ಚೆನ್ನಾಗಿ ಕುದಿಸ್ರಿ, ಸುಮಾರು 40 ಡಿಗ್ರಿಗೆ ಬರಲಿ, ಅಂದ್ರೆ ಬೆರಳಿಟ್ರೆ ಬೆಚ್ಚಗಿರಬೇಕು, ಸುಡಬಾರ್ದು. ಬಿಸಿ ಹಾಲಿಗೆ ಹೆಪ್ಪು ಹಾಕಿದ್ರೆ ಬ್ಯಾಕ್ಟೀರಿಯಾ ಸತ್ತೇ ಹೋಗ್ತಾವೆ, ಪೂರ್ತಿ ಆರಿದ್ರೆ ಬೇಗ ಎದ್ದೇಳಲ್ಲ. ಅರ್ಧ ಲೀಟರಿಗೆ ಬ್ಯಾಸಿಗೇಲಿ ಅರ್ಧ ಚಮಚ, ಚಳಿಗಾಲದಲ್ಲಿ ಒಂದು ಚಮಚ, ಜೊತೆಗೆ ದಪ್ಪ ಟವೆಲ್ ಸುತ್ತಿಡ್ರಿ. ಹೆಪ್ಪಾದ ತಕ್ಷಣ ಫ್ರಿಜ್ಜಿಗೆ, ಮತ್ತೆ ಯಾರೂ ಚಮಚ ಹಾಕೋಕೆ ಮುಂಚೇನೇ ನಾಳೆಯ ಹೆಪ್ಪು ಬೇರೆ ಬಟ್ಟಲಿಗೆ ತೆಗೆದಿಡ್ರಿ, ಎಂಜಲು ಚಮಚ ಮುಟ್ಟಿದ ಮೊಸರು ಹೆಪ್ಪಿಗೆ ಬೇಡವೇ ಬೇಡ. ಕೆಂಪು, ಹಸಿರು, ಕಪ್ಪು ಬಣ್ಣ ಎಲ್ಲಾದ್ರೂ ಕಂಡ್ರೆ ಮೇಲಿಂದು ತೆಗೆದು ತಿನ್ನೋದಲ್ಲ, ಪೂರ್ತಿ ಚೆಲ್ಲಿ ಬೇರೆ ಹೆಪ್ಪು ತರ್ರಿ.

ಇಡ್ಲಿ, ದೋಸೆ ಹಿಟ್ಟೂ ಹುಳಿ ಬರ್ತಾವಲ್ಲ ಅಂತ ಕೇಳ್ತಾರೆ. ಹೌದು, ಜೀರ್ಣಕ್ಕೆ ಒಳ್ಳೇದೇ, ಆದ್ರೆ ಬೇಯಿಸಿದ ಮೇಲೆ ಬ್ಯಾಕ್ಟೀರಿಯಾ ಜೀವಂತ ಉಳಿಯಲ್ಲ. ಮಜ್ಜಿಗೆ ಹುಳೀನೂ ಅಷ್ಟೇ. ಅದಕ್ಕೇ ಊಟದ ಕೊನೆಗೆ ಹಸಿ ಮಜ್ಜಿಗೆ ಒಂದು ಲೋಟ ಬೇಕೇ ಬೇಕು. ಒಗ್ಗರಣೆ ಹಾಕೋದಾದ್ರೆ ಎಣ್ಣೆ ಆರಿದ ಮೇಲೆ ಹಾಕ್ರಿ, ಕಾದಿದ್ದನ್ನ ಚೊಯ್ ಅಂತ ಸುರೀಬೇಡ್ರಿ. ನಮಸ್ಕಾರ.